ತವಕ್ಕುಲ್ ಮತ್ತು ತಾಯಿ ಕಾರ್ಡು

ನಮ್ಮ ಮಕ್ತಬ್‌ನ ಸಂಜೆಯ ತರಗತಿಯಲ್ಲಿ, ಮೊದಲ ಸಾಲಿನ ಎಡತುದಿಯಲ್ಲಿ ಒಬ್ಬ ಬಾಲಕಿ ಕುಳಿತುಕೊಳ್ಳುತ್ತಾಳೆ. ಉಳಿದ ಮಕ್ಕಳು ಕಾಯಿದಾದ ಅಕ್ಷರಗಳ ಮೇಲೆ ಬೆರಳಿಟ್ಟು ಓದುವಾಗ ಅವಳ ಕಣ್ಣು ನಮ್ಮ ತುಟಿಗಳ ಮೇಲಿರುತ್ತದೆ. ‘ಬಾ’ ಎನ್ನುವಾಗ ತುಟಿಗಳೆರಡೂ ಕೂಡುವುದನ್ನು ನೋಡಿ ಅವಳು ಆ ಅಕ್ಷರವನ್ನು ಕಲಿತಳು. ‘ಹಾ’ ಮತ್ತು ‘ಖಾ’ಗಳ ವ್ಯತ್ಯಾಸ ಮಾತ್ರ ಅವಳಿಗೆ ಇನ್ನೂ ಒಲಿದಿಲ್ಲ. ಅವು ಗಂಟಲಿನಲ್ಲಿ ಹುಟ್ಟುವ ಅಕ್ಷರಗಳು, ತುಟಿಯ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಆ ಅಕ್ಷರಗಳು ಬಂದಾಗ ಅವಳು ತನ್ನ ಕೈಯನ್ನು ಕೊರಳಿನ ಮೇಲಿಟ್ಟುಕೊಂಡು, ಸರಿಯಾಯಿತೇ ಎಂಬಂತೆ ನಮ್ಮ ಮುಖ ನೋಡುತ್ತಾಳೆ. ಪ್ರತಿಬಾರಿಯೂ ನಾವು ತಲೆಯಾಡಿಸುತ್ತೇವೆ.

ಅವಳು ಹುಟ್ಟು ಕಿವುಡಿಯಲ್ಲ. ಹುಟ್ಟಿದ ದಿನ ಅವಳ ಬಲಗಿವಿಯಲ್ಲಿ ಅಝಾನ್ ಹೇಳಿದವರು ನಾವೇ. ಆ ಶಬ್ದಕ್ಕೆ ಮಗು ಮಿಸುಕಿದ್ದನ್ನು ಕಂಡು ಅವಳ ದಾದಿ ಅಲ್‌ಹಮ್ದುಲಿಲ್ಲಾಹ್ ಎಂದಿದ್ದರು. ನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ದಡಾರ ಬಂತು. ಜ್ವರ ಮಿದುಳಿಗೇರಿತು. ಅಲ್ಲಾಹನು ಜೀವವನ್ನು ಉಳಿಸಿದನು; ಶ್ರವಣ ಉಳಿಯಲಿಲ್ಲ.

ಈ ಸಂಗತಿಯನ್ನು ಬರೆಯಲು ಅವಳ ತಂದೆ ನಮಗೆ ಅನುಮತಿ ಕೊಟ್ಟಿದ್ದಾರೆ. ಹೆಸರು ಬೇಡವೆಂದು ನಾವೇ ನಿರ್ಧರಿಸಿದೆವು. ಹೆಸರಿಗಿಂತ ಮುಖ್ಯವಾದುದು ಇದರಲ್ಲಿ ನಮ್ಮ ಪಾಲೇನು ಎಂಬುದು. ಅದನ್ನು ಮರೆಮಾಚದೆ ಹೇಳುವುದಕ್ಕಾಗಿಯೇ ಈ ಬರಹ.

ಒಂದು ‘ನೋಡೋಣ’

2017ರ ಫೆಬ್ರವರಿ 7ರಂದು ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾಯಿತು. ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳೊಂದಿಗೆ ನಮ್ಮ ರಾಜ್ಯವೂ ದೇಶದ ಮೊದಲ ಹಂತದಲ್ಲಿತ್ತು. ಒಂಬತ್ತು ತಿಂಗಳು ತುಂಬಿದ ಶಿಶುವಿನಿಂದ ಹದಿನೈದು ವರ್ಷದೊಳಗಿನ ಮಕ್ಕಳವರೆಗೆ ಎಲ್ಲರಿಗೂ, ಹಿಂದೆ ಹಾಕಿಸಿದ್ದರೂ ಹಾಕಿಸದಿದ್ದರೂ, ಒಂದು ಚುಚ್ಚುಮದ್ದು. ಶಾಲೆಗಳಲ್ಲಿಯೇ ಹಾಕುವ ಏರ್ಪಾಡು. ನಾವು ಹಗಲು ಪಾಠ ಹೇಳುತ್ತಿದ್ದ ಶಾಲೆಗೂ ಸುತ್ತೋಲೆ ಬಂತು.

ಸುತ್ತೋಲೆಗಿಂತ ಮೊದಲೇ ವಾಟ್ಸಾಪ್ ಬಂದಿತ್ತು. ಒಂದು ಧ್ವನಿಮುದ್ರಣ, ಯಾರದೆಂದು ಯಾರಿಗೂ ತಿಳಿಯದು. ಈ ಸೂಜಿಯಿಂದ ನಮ್ಮ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ, ಇದು ನಮ್ಮ ಸಂಖ್ಯೆಯನ್ನು ಕುಗ್ಗಿಸುವ ಹಂಚಿಕೆ, ಮಕ್ಕಳನ್ನು ಶಾಲೆಗೆ ಕಳುಹಿಸಬೇಡಿ ಎಂದು ಅದು ಅಳುವ ಧ್ವನಿಯಲ್ಲಿ ಹೇಳುತ್ತಿತ್ತು. ಎರಡು ದಿನಗಳಲ್ಲಿ ಅದು ಕೋಲಾರದ ಕ್ಲಾಕ್ ಟವರ್ ಸುತ್ತಲಿನ ಮೊಹಲ್ಲಾಗಳಿಂದ ಮುಳಬಾಗಿಲಿನವರೆಗೂ ತಲುಪಿತು. ಚುಚ್ಚುಮದ್ದಿನ ದಿನ ನಮ್ಮ ತರಗತಿಯ ಅರ್ಧದಷ್ಟು ಬೆಂಚುಗಳು ಖಾಲಿಯಾಗಿದ್ದವು.

ಅದರ ಹಿಂದಿನ ದಿನ ಇಶಾ ನಮಾಜಿನ ನಂತರ, ಮಸೀದಿಯ ಮೆಟ್ಟಿಲಿನ ಬಳಿ ಆ ತಂದೆ ನಮ್ಮನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ಶಾಲೆಯ ಒಪ್ಪಿಗೆ ಚೀಟಿ ಇತ್ತು. ಮಗಳು ಆಗ ನರ್ಸರಿಯಲ್ಲಿದ್ದಳು.

“ಹಜ್ರತ್, ಸೂಜಿ ಹಾಕಿಸೋದಾ, ಬೇಡವಾ? ನೀವು ಹೇಳಿದಂತೆ ಮಾಡ್ತೀನಿ.”

ನಮಗೆ ಉತ್ತರ ಗೊತ್ತಿತ್ತು. ನಮ್ಮ ಸ್ವಂತ ಮಕ್ಕಳಿಗೆ ಎಲ್ಲ ಲಸಿಕೆಗಳನ್ನೂ ಹಾಕಿಸಿದ್ದೆವು. ಮರುದಿನದ ಚುಚ್ಚುಮದ್ದಿಗೂ ಮನೆಯಲ್ಲಿ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಇಟ್ಟಿದ್ದೆವು. ಆದರೆ ಸುತ್ತಲೂ ಹತ್ತಾರು ಜನ ನಿಂತಿದ್ದರು. ಅದೇ ಧ್ವನಿಮುದ್ರಣವನ್ನು ಆ ದಿನ ಬೆಳಿಗ್ಗೆ ನಮಗೆ ಕಳುಹಿಸಿದ ಹಿರಿಯರೊಬ್ಬರೂ ಅಲ್ಲಿದ್ದರು. ಸರ್ಕಾರದ ಪರ ಮಾತನಾಡುವ ಮೌಲವಿ ಎಂಬ ಹೆಸರು ನಮಗೆ ಬೇಡವಾಗಿತ್ತು. ಆದುದರಿಂದ ನಾವು ಆ ತಂದೆಗೆ ಹೇಳಿದ್ದು ಇಷ್ಟೇ: “ಅವಸರವೇನು? ಸ್ವಲ್ಪ ದಿನ ನೋಡೋಣ.”

ಅವರು ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಆ ಚೀಟಿ ಮರಳಿ ಶಾಲೆಗೆ ಬರಲೇ ಇಲ್ಲ.

ನಾವು ಬೇಡವೆಂದು ಹೇಳಲಿಲ್ಲ ಎಂದು ಅನಂತರ ಬಹುಕಾಲ ನಮ್ಮನ್ನು ನಾವೇ ಸಂತೈಸಿಕೊಂಡೆವು. ಆದರೆ ಜ್ಞಾನವನ್ನು ಕೇಳಿದಾಗ ಬಚ್ಚಿಟ್ಟವನ ಕುರಿತು ಪ್ರವಾದಿವರ್ಯರು(ಸ) ನೀಡಿದ ಎಚ್ಚರಿಕೆಯನ್ನು ನಾವು ಮದ್ರಸಾದ ಮಕ್ಕಳಿಗೆ ಪಾಠ ಮಾಡಿದವರು. ನಮ್ಮ ‘ನೋಡೋಣ’ ಯಾವ ಸಾಲಿಗೆ ಸೇರುತ್ತದೆಂದು ಯಾರೂ ನಮಗೆ ವಿವರಿಸಬೇಕಾಗಿರಲಿಲ್ಲ.

ಖಾಲಿ ಚೌಕ

ಮುಂದಿನ ವರ್ಷ ಬೇಸಿಗೆಯಲ್ಲಿ ಮಗುವಿಗೆ ಜ್ವರ, ಕೆಮ್ಮು, ಕೆಂಪು ಕಣ್ಣು. ಮೂರು ನಾಲ್ಕು ದಿನಗಳಲ್ಲಿ ಕಿವಿಯ ಹಿಂದಿನಿಂದ ಆರಂಭವಾಗಿ ಮುಖ, ಎದೆ, ಹೊಟ್ಟೆಯ ಮೇಲೆಲ್ಲ ಕೆಂಪು ಗುಳ್ಳೆಗಳು. ಮನೆಯವರು ಬೇವಿನ ಸೊಪ್ಪು ಹಾಸಿ ಮಲಗಿಸಿದರು. ಗುಳ್ಳೆ ಇಳಿಯಿತು, ಎಲ್ಲರೂ ಶುಕ್ರ್ ಹೇಳಿದರು. ಆಮೇಲೆ ಮತ್ತೆ ಜ್ವರ ಏರಿ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಇಪ್ಪತ್ತು ದಿನ.

ನಾವು ನೋಡಲು ಹೋದ ದಿನ ಮಕ್ಕಳ ವೈದ್ಯರು ತಾಯಿ ಕಾರ್ಡನ್ನು ಕೇಳಿ ಪಡೆದು ತಿರುವುತ್ತಿದ್ದರು. ಹುಟ್ಟಿದಾಗಿನ ಲಸಿಕೆಗಳ ಎದುರು ದಿನಾಂಕಗಳಿದ್ದವು. ಆರು ವಾರದ್ದೂ ಇತ್ತು. ಆಮೇಲೆ ಚೌಕಗಳು ಖಾಲಿ. ಒಂಬತ್ತು ತಿಂಗಳಿನ ದಡಾರದ ಚೌಕ ಖಾಲಿ, ಒಂದೂವರೆ ವರ್ಷದ್ದೂ ಖಾಲಿ. ಆ ಅವಧಿಯಲ್ಲಿ ಕುಟುಂಬ ಊರಲ್ಲಿರಲಿಲ್ಲ. ತಂದೆ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ಹಣ್ಣಿನ ಕ್ರೇಟ್ ಹೊರುತ್ತಿದ್ದರು. ಮಳೆ ನಿಂತ ಮೇಲೆ ಮಾಲೂರಿನ ಕಡೆ ಇಟ್ಟಿಗೆ ಗೂಡಿನಲ್ಲಿ ಕೆಲಸ. ಹೆಂಡತಿ ಮಕ್ಕಳೂ ಜೊತೆಯಲ್ಲಿ. ಕೋಲಾರಕ್ಕೆ ಮರಳಿ ಆಟೋ ಓಡಿಸಲಾರಂಭಿಸಿದ ಮೇಲೆ, ತಪ್ಪಿಹೋದ ಈ ಎರಡು ಚೌಕಗಳನ್ನು ತುಂಬುವ ಅವಕಾಶವಾಗಿ ಶಾಲೆಯ ಬಾಗಿಲಿಗೇ ಬಂದದ್ದು 2017ರ ಆ ಅಭಿಯಾನ. ಅದನ್ನು ತಡೆದು ನಿಲ್ಲಿಸಿದ್ದು ನಮ್ಮ ಒಂದು ಪದ.

ವೈದ್ಯರು ಯಾರನ್ನೂ ಬೈಯಲಿಲ್ಲ. ಕಾರ್ಡನ್ನು ಮಡಚಿ ತಾಯಿಯ ಕೈಗೆ ಕೊಟ್ಟರು. ಆ ತಂದೆಯೂ ಇಂದಿನವರೆಗೆ ನಮ್ಮನ್ನು ದೂರಿಲ್ಲ. “ಅಲ್ಲಾಹನ ಇಚ್ಛೆ ಹಜ್ರತ್” ಎನ್ನುತ್ತಾರೆ. ಹೌದು, ಎಲ್ಲವೂ ಅವನ ಇಚ್ಛೆ. ಆದರೆ ಅವನ ಇಚ್ಛೆಯ ಹೆಸರಿನಲ್ಲಿ ನಮ್ಮ ಆಲಸ್ಯವನ್ನೂ ಅಂಜಿಕೆಯನ್ನೂ ಮುಚ್ಚಿಡಬಹುದೇ? ಈ ಪ್ರಶ್ನೆ ನಮ್ಮನ್ನು ಅನೇಕ ರಾತ್ರಿ ಮಲಗಗೊಡಲಿಲ್ಲ.

ಖಲೀಫರು ಹಿಂದಿರುಗಿದ ದಾರಿ

ಹಿಜರಿ 18ರ ಸುಮಾರಿಗೆ ಖಲೀಫ ಉಮರ್(ರ) ಸಿರಿಯಾದತ್ತ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಹಬ್ಬಿರುವ ಸುದ್ದಿ ಬಂತು. ಅವರು ಸಹಾಬಿಗಳೊಂದಿಗೆ ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ಆಗ ಅಬೂ ಉಬೈದಾ(ರ) ಅವರು, ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಕೇಳಿದರು. ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಉಮರ್(ರ) ಉತ್ತರಿಸಿದರು. ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡಾದ ಕಣಿವೆಗೆ ಒಂಟೆಗಳನ್ನು ಇಳಿಸುವವನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಉದಾಹರಿಸಿದರು. ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ನಾಡಿಗೆ ಹೋಗಬಾರದು, ಇರುವಲ್ಲಿಂದ ಹೊರಡಬಾರದು ಎಂಬ ಪ್ರವಾದಿವರ್ಯರ(ಸ) ಆದೇಶವನ್ನು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಈ ಪ್ರಸಂಗವಿದೆ.

ಒಂಟೆಯನ್ನು ಕಟ್ಟಿಹಾಕಿ ಅನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ತಿರ್ಮಿದಿಯ ಹದೀಸನ್ನು ನಮ್ಮ ಮಕ್ಕಳೂ ಬಲ್ಲರು. ಚಿಕಿತ್ಸೆ ಪಡೆಯಿರಿ, ಮುದಿತನವೊಂದನ್ನು ಬಿಟ್ಟು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿಯನ್ನು ಇಟ್ಟಿದ್ದಾನೆ ಎಂಬ ಬೋಧನೆ ಅಬೂದಾವೂದ್‌ನಲ್ಲಿದೆ. ತವಕ್ಕುಲ್ ಎಂದರೆ ಕಾರಣಗಳನ್ನು ಕೈಬಿಟ್ಟು ಕೂರುವುದಲ್ಲವೆಂದು ನಾವು ವರ್ಷಗಟ್ಟಲೆ ಪಾಠ ಹೇಳಿದ್ದೆವು. ಪಾಠ ಹೇಳಿದ ನಾಲಿಗೆಯೇ ಮಸೀದಿಯ ಮೆಟ್ಟಿಲ ಮೇಲೆ ತೊದಲಿತು.

ಮುಳಬಾಗಿಲಿನ ದಾದಿ

ನಮ್ಮ ದಾದಿ ಮುಳಬಾಗಿಲಿನವರು. ಹೈದರ್ ವಲಿ ದರ್ಗಾದ ಹತ್ತಿರದ ಗಲ್ಲಿಯಲ್ಲಿ ಬೆಳೆದವರು. ಅವರ ಮುಖದ ತುಂಬ ಸಣ್ಣ ಸಣ್ಣ ಕುಳಿಗಳಿದ್ದವು. ಚಿಕ್ಕಂದಿನಲ್ಲಿ ನಾವು ಆ ಕುಳಿಗಳನ್ನು ಬೆರಳಿನಿಂದ ಎಣಿಸುತ್ತಿದ್ದೆವು, ಅವರು ನಗುತ್ತಿದ್ದರು. ಊರವರು ‘ಅಮ್ಮ’ ಎಂದು ಕರೆಯುತ್ತಿದ್ದ ಸಿಡುಬನ್ನು ನಮ್ಮ ಮನೆಯಲ್ಲಿ ಚೇಚಕ್ ಎನ್ನುತ್ತಿದ್ದರು. ದಾದಿ ಬದುಕಿದರು, ಅವರ ಇಬ್ಬರು ತಮ್ಮಂದಿರು ಅದೇ ವಾರ ತೀರಿಕೊಂಡರು. ನಮ್ಮ ತಂದೆಯ ತೋಳಿನ ಮೇಲೆ ನಾಣ್ಯದಷ್ಟು ಅಗಲದ ಲಸಿಕೆಯ ಗುರುತುಗಳಿದ್ದವು. ನಮ್ಮ ಮಕ್ಕಳ ತೋಳಿನ ಮೇಲೆ ಆ ಗುರುತುಗಳಿಲ್ಲ, ಏಕೆಂದರೆ ಭೂಮಿಯ ಮೇಲೆ ಆ ರೋಗವೇ ಇಲ್ಲ. ಮೂರು ತಲೆಮಾರುಗಳ ಈ ಮೂರು ಚರ್ಮಗಳಲ್ಲಿ ಲಸಿಕೆಯ ಚರಿತ್ರೆ ಇದೆ.

ಆ ಚರಿತ್ರೆಯಲ್ಲಿ ನಮ್ಮವರ ಪಾಲು ಚಿಕ್ಕದಲ್ಲ. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ಲಕ್ಷಣಗಳ ಸಮೇತ ವಿವರಿಸಿ ಗ್ರಂಥ ಬರೆದವರು 9ನೆಯ-10ನೆಯ ಶತಮಾನದ ಹಕೀಮ್ ಅರ್-ರಾಝಿ. ಸಿಡುಬಿನ ಕೀವನ್ನು ಅಲ್ಪ ಪ್ರಮಾಣದಲ್ಲಿ ಚರ್ಮಕ್ಕೆ ತಾಗಿಸಿ ರಕ್ಷಣೆ ಪಡೆಯುವ ಪದ್ಧತಿ ಉಸ್ಮಾನಿಯಾ ತುರ್ಕಿಯ ಮನೆಗಳಲ್ಲಿ ರೂಢಿಯಲ್ಲಿತ್ತು. ಅಲ್ಲಿದ್ದ ಇಂಗ್ಲಿಷ್ ರಾಯಭಾರಿಯ ಪತ್ನಿ ಮೇರಿ ಮಾಂಟೆಗು 1718ರಲ್ಲಿ ತಮ್ಮ ಮಗನಿಗೆ ಅದನ್ನು ಮಾಡಿಸಿ, ತಮ್ಮ ನಾಡಿಗೆ ಆ ವಿದ್ಯೆಯನ್ನು ಕೊಂಡೊಯ್ದರು. 1796ರಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಲಸಿಕೆಯನ್ನು ಕಂಡುಕೊಂಡರು. ಹತ್ತು ವರ್ಷಗಳೊಳಗೆ ಅದು ನಮ್ಮ ಮೈಸೂರಿನ ಅರಮನೆಯನ್ನು ತಲುಪಿತು. 1805ರ ಸುಮಾರಿಗೆ ಕಲಾವಿದ ಥಾಮಸ್ ಹಿಕಿ ರಚಿಸಿದ ಚಿತ್ರವೊಂದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಸೆರಗು ಸರಿಸಿ ತೋಳನ್ನು ತೋರಿಸುತ್ತಾರೆ. ಪ್ರಜೆಗಳ ಅಂಜಿಕೆ ನೀಗಿಸಲು ಲಸಿಕೆಯ ಜಾಗವನ್ನು ಹಾಗೆ ಚಿತ್ರಿಸಲಾಯಿತೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಅಂತಃಪುರದ ಹೆಣ್ಣುಮಗಳು ಜನಹಿತಕ್ಕಾಗಿ ತೋಳು ತೋರಿಸಿದ ಕಾಲದಲ್ಲಿಯೂ ಅಂಜಿಕೆ ಇತ್ತು, ಅಂಜಿಕೆಯನ್ನು ಕಳೆಯುವ ಹೊಣೆ ಹೊತ್ತವರೂ ಇದ್ದರು.

ಪ್ರಕೃತಿಯಲ್ಲಿ ಸಿಡುಬು ತಗುಲಿದ ಕೊನೆಯ ಮನುಷ್ಯ ಸೊಮಾಲಿಯಾದ ಮೆರ್ಕಾ ಪಟ್ಟಣದ ಆಸ್ಪತ್ರೆಯೊಂದರ ಅಡುಗೆಯವರು, ಅಲಿ ಮಾವ್ ಮಾಲಿನ್. ಅದು 1977ರ ಅಕ್ಟೋಬರ್. ಆಸ್ಪತ್ರೆಯಲ್ಲೇ ಕೆಲಸವಿದ್ದರೂ ಚುಚ್ಚುವ ನೋವಿಗೆ ಹೆದರಿ ಅವರು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಗುಣವಾದರು. ಅನೇಕ ವರ್ಷಗಳ ನಂತರ ಸೊಮಾಲಿಯಾದಲ್ಲಿ ಪೋಲಿಯೋ ಅಭಿಯಾನ ನಡೆದಾಗ ಅವರು ಅದಕ್ಕೆ ಸೇರಿ ಊರೂರು ತಿರುಗಿದರು. ತಾಯಂದಿರ ಮುಂದೆ ತಮ್ಮ ತಪ್ಪನ್ನು ತಾವೇ ಹೇಳಿಕೊಂಡು ಮಕ್ಕಳಿಗೆ ಹನಿ ಹಾಕಿಸುತ್ತಿದ್ದರು. 2013ರಲ್ಲಿ ಅದೇ ಕೆಲಸದಲ್ಲಿದ್ದಾಗ ಮಲೇರಿಯಾ ತಗುಲಿ ಮರಣ ಹೊಂದಿದರು. ಅವರ ವೃತ್ತಾಂತವನ್ನು ಓದಿದ ದಿನ ನಮಗೊಂದು ದಾರಿ ತೋರಿತು. ತೌಬಾ ನಾಲಿಗೆಯ ಮೇಲೆ ಮುಗಿಯುವುದಿಲ್ಲ. ಕೆಡಿಸಿದ್ದನ್ನು ಸರಿಪಡಿಸಲು ಕಾಲಿಗೂ ಕೆಲಸ ಕೊಡಬೇಕು.

ಗುರುವಾರದ ಕೋಣೆ

ಅಂದಿನಿಂದ ಸಾಧ್ಯವಾದ ಗುರುವಾರಗಳಂದು ನಾವು ಮೊಹಲ್ಲಾದ ತಾಯಂದಿರೊಂದಿಗೆ ಲಸಿಕೆಗೆ ಹೋಗಲಾರಂಭಿಸಿದೆವು. ನಮ್ಮ ಕಡೆ ಗುರುವಾರ ಲಸಿಕೆಯ ದಿನ. ಒಮ್ಮೆ ಅಂಗನವಾಡಿ, ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರ, ಒಮ್ಮೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗ. ಗಂಡಸೊಬ್ಬನಿಗೆ ಆ ಕೋಣೆ ಹೊಸ ಲೋಕವೇ. ಬಾಗಿಲ ಹೊರಗೆ ಬುರ್ಖಾದ ತಾಯಂದಿರು, ಸೆರಗು ಹೊದ್ದ ತಾಯಂದಿರು, ಎಲ್ಲರ ಮಡಿಲಲ್ಲೂ ಅಳಲು ಸಿದ್ಧವಾಗಿರುವ ಒಂದೊಂದು ಮುಖ. ಒಂದು ಮಗು ಅತ್ತರೆ ಸರದಿಯಲ್ಲಿರುವ ಹತ್ತು ಮಕ್ಕಳು ಅಳುತ್ತವೆ. ಆ ಅಳುವಿಗೆ ಜಾತಿ ಧರ್ಮಗಳಿಲ್ಲ.

ನರ್ಸಮ್ಮನವರು ನಮಗೆ ಬಹಳ ಸಂಗತಿಗಳನ್ನು ತೋರಿಸಿಕೊಟ್ಟರು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇಡಬೇಕು. ಊರಿಗೆ ಒಯ್ಯುವಾಗ ಮಂಜಿನ ಪ್ಯಾಕುಗಳಿರುವ ನೀಲಿ ಡಬ್ಬಿ. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ. ಬಿಸಿ ತಾಗಿದಂತೆ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮವಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಒಮ್ಮೆ ಚುಚ್ಚಿದ ಸಿರಿಂಜು ಮತ್ತೆ ಎಳೆಯಲು ಬಾರದಂತೆ ತಾನೇ ಬಿಗಿದುಕೊಳ್ಳುತ್ತದೆ. ಆದುದರಿಂದ ಒಬ್ಬರ ಸೂಜಿ ಇನ್ನೊಬ್ಬರಿಗೆ ಎಂಬ ಭಯಕ್ಕೆ ಎಡೆಯಿಲ್ಲ. “ಒಂದು ಮಗುವಿಗಾಗಿ ಸೀಸೆ ಒಡೆಯುವುದಿಲ್ಲ, ನಮ್ಮವರನ್ನು ಕಾಯಿಸುತ್ತಾರೆ” ಎಂದು ನಮ್ಮ ಹೆಣ್ಣುಮಕ್ಕಳು ದೂರುತ್ತಿದ್ದರು. ಕ್ಷಯ, ದಡಾರ ಮತ್ತು ಮಿದುಳು ಜ್ವರದ ಲಸಿಕೆಗಳ ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ನಾಲ್ಕು ಗಂಟೆಗಳೊಳಗೆ ಅದು ಮುಗಿಯಬೇಕು, ಇಲ್ಲವಾದರೆ ಚೆಲ್ಲಬೇಕು. ಕಾಯಿಸುವುದಕ್ಕೆ ಕಾರಣ ಇದು ಎಂದು ತಿಳಿದ ಮೇಲೆ ನಾವು ತಾಯಂದಿರನ್ನು ಒಟ್ಟಿಗೆ ಕರೆದುಕೊಂಡು ಹೋಗಲಾರಂಭಿಸಿದೆವು. ದೂರು ನಿಂತಿತು.

ಯಾವ ವಯಸ್ಸಿಗೆ ಯಾವ ಲಸಿಕೆ ಎಂಬುದನ್ನು ಪ್ರತಿಯೊಬ್ಬ ತಂದೆಯೂ ತಿಳಿದಿರಬೇಕು. ಹುಟ್ಟಿದಾಗ ಕ್ಷಯದ ವಿರುದ್ಧ ಬಿಸಿಜಿ, ಪೋಲಿಯೋ ಹನಿ, 24 ಗಂಟೆಗಳೊಳಗೆ ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಐದು ರೋಗಗಳಿಗೆ ಒಂದೇ ಸೂಜಿ. ಜೊತೆಗೆ ಪೋಲಿಯೋ, ಭೇದಿಯ ವಿರುದ್ಧ ರೋಟಾವೈರಸ್ ಹನಿ, ನ್ಯುಮೋನಿಯಾದ ವಿರುದ್ಧ ನ್ಯುಮೋಕಾಕಲ್. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಮತ್ತು ವಿಟಮಿನ್ ಎ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಅದರ ಎರಡನೆಯ ಡೋಸ್ ಮತ್ತು ಬೂಸ್ಟರ್‌ಗಳು. ಐದಾರು ವರ್ಷಕ್ಕೊಮ್ಮೆ, ಹತ್ತಕ್ಕೆ ಮತ್ತು ಹದಿನಾರಕ್ಕೆ ಮತ್ತೊಮ್ಮೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಾವುದಕ್ಕೂ ಹಣವಿಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಲಸಿಕೆ ವಿಶೇಷವಾಗಿದೆ. ಕೋಲಾರ ಕೆರೆಗಳ ಸೀಮೆ. 1970ರ ದಶಕದ ಕೊನೆಯ ವರ್ಷಗಳಲ್ಲಿ ಇಲ್ಲಿ ಜಪಾನೀಸ್ ಮಿದುಳು ಜ್ವರ ಹಬ್ಬಿತ್ತು. ಅದಕ್ಕಾಗಿಯೇ ಒಂಬತ್ತು ತಿಂಗಳಿಗೆ ಮತ್ತು ಒಂದೂವರೆ ವರ್ಷಕ್ಕೆ ಜೆಇ ಲಸಿಕೆ. ಶ್ರೀನಿವಾಸಪುರದ ಕಡೆಯ ಬಂಧುವೊಬ್ಬರು, ಅದು ಹಂದಿಯಿಂದ ಬರುವ ರೋಗ, ನಾವು ಹಂದಿ ಸಾಕುವುದಿಲ್ಲ, ನಮಗೇಕೆ ಎಂದು ಕೇಳಿದ್ದರು. ಆ ವೈರಾಣು ಕೊಕ್ಕರೆಯಂತಹ ನೀರಹಕ್ಕಿಗಳಲ್ಲೂ ಇರುತ್ತದೆ. ಗದ್ದೆ, ಕೆರೆಯಂಚುಗಳಲ್ಲಿ ಹುಟ್ಟುವ ಸೊಳ್ಳೆ ಅದನ್ನು ಹೊತ್ತು ತರುತ್ತದೆ. ಸೊಳ್ಳೆ ಮನೆಯ ಬಾಗಿಲಿನ ಮೇಲಿನ ಹೆಸರನ್ನು ಓದಿ ಒಳಗೆ ಬರುವುದಿಲ್ಲ ಎಂದು ಹೇಳಿದೆವು. ಮುಂದಿನ ಗುರುವಾರ ಅವರೇ ಮೊಮ್ಮಗನನ್ನು ಎತ್ತಿಕೊಂಡು ಹೋದರು.

ನಮ್ಮಲ್ಲಿ ಕೇಳಿಬರುವ ಪ್ರಶ್ನೆಗಳು

ಪ್ರಶ್ನೆ ಕೇಳುವವರನ್ನು ಮೂಢರೆಂದು ಜರೆಯುವುದು ಸರಿಯಲ್ಲ. 1975-77ರ ತುರ್ತು ಪರಿಸ್ಥಿತಿಯಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದ ದೇಶ ಇದು. ಆ ಭಯ ಅಜ್ಜಂದಿರಿಂದ ಮೊಮ್ಮಕ್ಕಳಿಗೆ ಇಳಿದುಬಂದಿದೆ. ಪೌರತ್ವದ ಮಾತು ಎಲ್ಲೆಡೆ ಇದ್ದ 2020ರ ಆರಂಭದಲ್ಲಿ, ಆಶಾ ಕಾರ್ಯಕರ್ತೆ ಮನೆಯವರ ಹೆಸರು ಬರೆದುಕೊಳ್ಳಲು ಬಂದಾಗ ನಮ್ಮ ಗಲ್ಲಿಯ ಬಾಗಿಲುಗಳು ಮುಚ್ಚಿಕೊಂಡವು. ಬುರ್ಖಾ ನೋಡಿ ಒರಟಾಗಿ ಮಾತನಾಡಿದ ಸಿಬ್ಬಂದಿಯನ್ನೂ ನಾವು ಕಂಡಿದ್ದೇವೆ. ಒಮ್ಮೆ ಅವಮಾನಗೊಂಡು ಬಂದ ತಾಯಿ ಎರಡನೆಯ ಬಾರಿ ಹೋಗಲಾರಳು. ಆದರೆ ಯಾರೋ ಆಡಿದ ಒರಟು ಮಾತಿಗೆ ನಮ್ಮ ಮಗು ದಂಡ ತೆರಬೇಕೇ? ಜೊತೆಗೊಬ್ಬರು ಹೋದರೆ ಆ ಮಾತೂ ಮೆತ್ತಗಾಗುವುದನ್ನು ನಾವು ನೋಡಿದ್ದೇವೆ.

ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ನಮ್ಮ ಮಕ್ತಬ್‌ನ ಹಾಜರಿ ಪುಸ್ತಕವೇ ಉತ್ತರ. ಪಲ್ಸ್ ಪೋಲಿಯೋ ಆರಂಭವಾದದ್ದು 1995ರಲ್ಲಿ. ಅಂದು ತಾಯಿಯ ಸೊಂಟದ ಮೇಲೆ ಕುಳಿತು ಹನಿ ನುಂಗಿದ ಹೆಣ್ಣುಮಕ್ಕಳ ಮಕ್ಕಳು ಇಂದು ನಮ್ಮ ಮುಂದೆ ಕುಳಿತು ಕಲಿಮಾ ಓದುತ್ತಿದ್ದಾರೆ. ಅವರೇ ನುಂಗಿದ ಹನಿಗಳಿಂದಾಗಿ ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿ 13ಕ್ಕೆ ಮುಗಿಯಿತು. ಹೌರಾದ ಆ ಪುಟ್ಟ ಬಾಲಕಿಯ ನಂತರ ಇನ್ನಾರೂ ಇಲ್ಲ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಉತ್ತರ ಪ್ರದೇಶದ ಮನೆಮನೆಗಳಲ್ಲಿ ಬಾಗಿಲು ತೆರೆಸಿದವರಲ್ಲಿ ಇಮಾಮರು, ದೇವ್‌ಬಂದ್‌ನ ಉಲಮಾಗಳು, ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲ್ಲಿಯಾದವರೂ ಇದ್ದರು.

ಹಲಾಲೇ ಎಂಬುದು ಇನ್ನೊಂದು ಪ್ರಶ್ನೆ, ಇದು ನ್ಯಾಯವಾದದ್ದೇ. ಕೆಲವು ಲಸಿಕೆಗಳಲ್ಲಿ ಮದ್ದು ಕೆಡದಿರಲೆಂದು ಜೆಲಟಿನ್ ಬಳಸುವುದುಂಟು. ಒಂದು ವಸ್ತು ತನ್ನ ಮೂಲಗುಣವನ್ನು ಕಳೆದುಕೊಂಡು ಬೇರೆಯೇ ವಸ್ತುವಾದಾಗ ಅದರ ವಿಧಿಯೂ ಬದಲಾಗುತ್ತದೆಂಬ ಇಸ್ತಿಹಾಲಾದ ನಿಯಮ ನಮ್ಮ ಫಿಕ್ಹ್‌ನಲ್ಲಿದೆ. 1995ರಲ್ಲಿ ಕುವೈತ್‌ನಲ್ಲಿ ಸೇರಿದ್ದ ವಿದ್ವಾಂಸರು ಮತ್ತು ವೈದ್ಯರ ಸಭೆ ಜೆಲಟಿನ್‌ಗೆ ಈ ನಿಯಮವನ್ನು ಅನ್ವಯಿಸಿತು. ಅದರ ಮೇಲೆ, ಜೀವರಕ್ಷಣೆಯ ಅನಿವಾರ್ಯತೆ ಇದ್ದಾಗ ನಿಷಿದ್ಧವೂ ಸಡಿಲವಾಗುತ್ತದೆಂಬುದು ಎಲ್ಲ ಮದ್‌ಹಬ್‌ಗಳಿಗೂ ತಿಳಿದ ಮಾತು. ಇಷ್ಟಾದ ಮೇಲೂ ಸಂದೇಹ ಉಳಿದವರಿಗೆ ನಾವು ಒಂದು ಮಾತನ್ನು ನೆನಪಿಸುತ್ತೇವೆ. ಹಜ್ಜ್ ಯಾತ್ರೆಗೆ ಹೊರಡುವ ಪ್ರತಿಯೊಬ್ಬರೂ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡೇ ಹೋಗಬೇಕು. ಅದಿಲ್ಲದೆ ಹರಮ್‌ನ ನಾಡಿನೊಳಗೆ ಪ್ರವೇಶವಿಲ್ಲ. ಕಅಬಾದ ಮುಂದೆ ನಿಲ್ಲುವ ಅಜ್ಜನ ತೋಳಿಗೆ ಒಪ್ಪಿತವಾದದ್ದು ಮೊಮ್ಮಗಳ ತೋಳಿಗೆ ಹೇಗೆ ನಿಷಿದ್ಧವಾದೀತು?

ರಮಝಾನ್‌ನಲ್ಲಿ ಗರ್ಭಿಣಿಯರು ಟಿಡಿ ಚುಚ್ಚುಮದ್ದನ್ನು ಮುಂದೂಡುತ್ತಾರೆ. ಪೋಷಣೆಯ ಉದ್ದೇಶವಿಲ್ಲದ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲವೆಂಬುದು ಹೆಚ್ಚಿನ ಉಲಮಾಗಳ ಅಭಿಪ್ರಾಯ. ಲಸಿಕೆಯ ನಂತರ ಜ್ವರ ಬಂತೆಂದು ಮುಂದಿನದನ್ನು ನಿಲ್ಲಿಸುವವರೂ ಇದ್ದಾರೆ. ಒಂದೆರಡು ದಿನದ ಸಣ್ಣ ಜ್ವರ, ಚುಚ್ಚಿದ ಜಾಗದ ಊತ ಸಾಮಾನ್ಯ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಜ್ವರ ಹೆಚ್ಚಾದರೆ, ಮಗು ಮಂಕಾದರೆ ಆಸ್ಪತ್ರೆಗೆ ಕರೆತರಬೇಕು. ರುಬೆಲ್ಲಾ ಗಂಡುಮಗುವಿಗೇಕೆ ಎಂದೂ ಕೇಳುತ್ತಾರೆ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಗಳಿಗೆ ಹಾನಿ. ಅದನ್ನು ಮನೆಗೆ ಹೊತ್ತು ತರುವವನು ಶಾಲೆಗೆ ಹೋಗುವ ಅಣ್ಣನೇ ಆಗಿರಬಹುದು. ಪರರಿಗೆ ಹಾನಿ ಮಾಡಬಾರದೆಂಬ ಹದೀಸಿನ ಅರ್ಥ ಇಲ್ಲಿಗೂ ಹರಡಿಕೊಂಡಿದೆ.

ಮಸೀದಿಯಿಂದ ಆಗಬಹುದಾದದ್ದು

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಲಸಿಕೆ ತಪ್ಪಿಸಿಕೊಳ್ಳುವವರೆಲ್ಲ ಅಂಜುವವರಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ದುಡಿಯಲು ಊರು ಬದಲಿಸುವ ಕುಟುಂಬಗಳು ಹೆಚ್ಚು. ಅವರಿಗೆ ತಿಳಿಯಬೇಕಾದ ಮಾತುಗಳು ಮೂರು. ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ ಮುಂದಿನ ಡೋಸ್ ಹಾಕಿಸಬಹುದು. ನಡುವೆ ಒಂದು ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೂ ಹಾಕುತ್ತಾರೆ, ತಡವಾಯಿತೆಂದು ಕೈಬಿಡಬಾರದು.

ಈಗ ನಮ್ಮ ಮಸೀದಿಯಲ್ಲಿ ಬುಧವಾರ ಮಗ್ರಿಬ್‌ನ ನಂತರ ಒಂದು ಪ್ರಕಟಣೆ ಇರುತ್ತದೆ: ನಾಳೆ ಲಸಿಕೆ, ಎಲ್ಲಿ, ಎಷ್ಟು ಗಂಟೆಗೆ. ನಿಕಾಹ್‌ನ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿದೆ. ಅಖೀಕಾಕ್ಕೆ ಕರೆಯಲು ಬಂದ ತಂದೆಯರಿಂದ ಮಗುವಿನ ಜನ್ಮದಿನಾಂಕ ಕೇಳಿ ಅದರಲ್ಲಿ ಬರೆದುಕೊಳ್ಳುತ್ತೇವೆ. ಆರು ವಾರ ತುಂಬಿದಾಗ, ಒಂಬತ್ತು ತಿಂಗಳು ತುಂಬಿದಾಗ ಒಂದು ಫೋನ್ ಕರೆ. ಹೊರಗಿನಿಂದ ದುಡಿಯಲು ಬಂದವರು ಶುಕ್ರವಾರ ಸಫ್‌ನಲ್ಲಿ ಕಂಡರೆ ಕಾರ್ಡು ಇದೆಯೇ ಎಂದು ಕೇಳುತ್ತೇವೆ. ಇದಕ್ಕೆ ಹಣ ಬೇಕಿಲ್ಲ, ಸಮಿತಿ ಬೇಕಿಲ್ಲ. ಆ ಧ್ವನಿಮುದ್ರಣವನ್ನು ಅಂದು ನಮಗೆ ಕಳುಹಿಸಿದ್ದ ಹಿರಿಯರು ಈಗ ಆ ಪುಸ್ತಕವನ್ನು ನೋಡಿಕೊಳ್ಳುತ್ತಾರೆ. ಅವರನ್ನು ನಾವು ಒಪ್ಪಿಸಿದ್ದು ವಾದದಿಂದಲ್ಲ. ಒಂದು ಸಂಜೆ ಅವರನ್ನು ನಮ್ಮ ತರಗತಿಗೆ ಕರೆತಂದು ಮೊದಲ ಸಾಲಿನ ಎದುರು ಕೂರಿಸಿದೆವು. ಅಷ್ಟೇ.

ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಎಂದು ಸೂರಾ ಅಲ್‌ಮಾಇದಾದ 32ನೆಯ ಸೂಕ್ತ ಸಾರುತ್ತದೆ. ಅದನ್ನು ಅವಳಿಗೆ ಕಲಿಸುವ ದಿನ ನಮ್ಮ ತುಟಿಗಳು ನಡುಗಿದ್ದನ್ನು ಅವಳು ನೋಡಿರಬೇಕು. ಅವಳು ಎಲ್ಲವನ್ನೂ ನೋಡಿಯೇ ಕಲಿಯುವವಳು.

ಕಳೆದ ತಿಂಗಳು ಅವಳಿಗೊಬ್ಬ ತಮ್ಮ ಹುಟ್ಟಿದ. ಅಝಾನ್ ಹೇಳಲು ಅವಳ ತಂದೆ ನಮ್ಮನ್ನೇ ಕರೆದರು. ಹೇಳಿ ಮುಗಿಸಿದ ಮೇಲೆ ಅವರು ಹಾಸಿಗೆಯ ಕೆಳಗಿನಿಂದ ಹೊಸ ತಾಯಿ ಕಾರ್ಡನ್ನು ತೆಗೆದು, ಏನನ್ನೂ ಹೇಳದೆ ನಮ್ಮ ಮುಂದೆ ತೆರೆದಿಟ್ಟರು. ಮೊದಲ ಮೂರು ಚೌಕಗಳಲ್ಲಿ ದಿನಾಂಕ ತುಂಬಿತ್ತು. ಅಕ್ಕ ಪಕ್ಕದಲ್ಲಿ ಕುಳಿತು ಮುಂದಿನ ಖಾಲಿ ಚೌಕದ ಮೇಲೆ ಬೆರಳಿಟ್ಟು ನಮ್ಮ ಮುಖ ನೋಡಿದಳು. ಈ ಬಾರಿ ನಾವು ‘ನೋಡೋಣ’ ಎನ್ನಲಿಲ್ಲ. ಅವಳಿಗೆ ಕಾಣುವಂತೆ ತುಟಿಗಳನ್ನು ಅಗಲವಾಗಿ ತೆರೆದು, ‘ಗುರುವಾರ’ ಎಂದೆವು.

ಅಲ್ಲಾಹನು ನಮ್ಮ ತಪ್ಪುಗಳನ್ನು ಮನ್ನಿಸಲಿ. ನಮ್ಮ ಮಕ್ಕಳ ಕಣ್ಣು, ಕಿವಿ, ಕೈಕಾಲುಗಳನ್ನು ಕಾಪಾಡಲಿ. ಅಮಾನತ್ತಾಗಿ ನಮ್ಮ ಕೈಗಿತ್ತ ಮಕ್ಕಳ ವಿಷಯದಲ್ಲಿ, ತಿಳಿದ ಸತ್ಯವನ್ನು ಕೇಳಿದಾಗಲೇ ಹೇಳುವ ಧೈರ್ಯವನ್ನು ನಮಗೆಲ್ಲ ಕರುಣಿಸಲಿ. ಆಮೀನ್.